ಜಾತಿ ಇಲ್ಲದ ನಾಯಿಗೆ ಮನೆ ಬೇಕಾಗಿದೆ

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬೀದಿ ನಾಯಿಗಳ ವಿಷಯದಲ್ಲಿ ಒಂದೇ ಮಾತು. "ಅಷ್ಟೊಂದು ಪ್ರೀತಿ ಇದ್ದರೆ ಮನೆಗೆ ಕರ್ಕೊಂಡು ಹೋಗಿ ಸಾಕಿ." 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲಂತೂ ಮೈಸೂರಿನ ಕುವೆಂಪುನಗರದಲ್ಲಿ ಕೂತವರೆಲ್ಲ ವಕೀಲರಾದರು. ಸರಿ, ಹಿರಿಯರ ಮಾತು ಮೀರಬಾರದು ಅಂತ ಒಂದು ನಾಯಿಯನ್ನು ತಂದು ಇಟ್ಟುಕೊಂಡೆವು. ಖಾಯಂ ಆಗಿ ಅಲ್ಲ, ಯಾರಾದರೂ ದತ್ತು ತಗೊಳ್ಳುವ ತನಕ. ಬೆಳಗಾಗುವಷ್ಟರಲ್ಲಿ ಅದೇ ಗುಂಪಿನಲ್ಲಿ ಇನ್ನೊಂದು ಮೆಸೇಜು: "ಕೆಲವರು ಮನೆಯೊಳಗೇ ಬೀದಿ ನಾಯಿ ಇಟ್ಟುಕೊಂಡಿದ್ದಾರೆ, ಕ್ರಮ ಆಗಬೇಕು."

ನಾಯಿಯ ಹೆಸರು ಚುಕ್ಕಿ. ಕಪ್ಪು ಮೈ, ಎದೆ ಮೇಲೆ ಬಿಳಿ ಬೊಟ್ಟು, ಸುಮಾರು ನಾಲ್ಕು ವರ್ಷ. ರಿಂಗ್ ರೋಡ್ ಪಕ್ಕ ಸಿಕ್ಕಾಗ ಕತ್ತಿನಲ್ಲಿ ಬೆಲ್ಟ್ ಇತ್ತು. ಅಂದರೆ ಯಾರೋ ಸಾಕಿ, ಸಾಕಾಗಿ, ಬಿಟ್ಟು ಹೋಗಿದ್ದಾರೆ. ಈಗ ರೇಬೀಸ್ ಇಂಜೆಕ್ಷನ್ ಆಗಿದೆ. ಮರಿ ಆಗದ ಹಾಗೆ ಆಪರೇಶನ್ ಆಗಿದೆ, ಅದರ ಗುರುತಿಗೆ ಕಿವಿ ತುದಿ ಸ್ವಲ್ಪ ಕತ್ತರಿಸಿದ್ದಾರೆ. ಒಳಗೆ ಗಲೀಜು ಮಾಡಲ್ಲ, ಚಪ್ಪಲಿ ಕಚ್ಚಲ್ಲ, ಕುಕ್ಕರ್ ಕೂಗಿದರೂ ಅಲುಗಲ್ಲ. ದೀಪಾವಳಿಗೆ ಮಾತ್ರ ಮಂಚದ ಕೆಳಗೆ.

ಫೋಟೋ ಹಾಕಿದೆವು. "ಅಯ್ಯೋ ಪಾಪ" ಅಂದವರು ಲೆಕ್ಕವಿಲ್ಲ, ಕೈ ಮುಗಿದ ಚಿತ್ರಗಳಂತೂ ಮೂಟೆಗಟ್ಟಲೆ. ಫೋನ್ ಮಾಡಿದವರು ಬೇರೆಯೇ ತರಹದ ಜನ.

"ಯಾವ ಜಾತಿ ಸಾರ್?" ಇದು ಎಲ್ಲರ ಮೊದಲ ಪ್ರಶ್ನೆ. ನಾಡ ನಾಯಿ ಅಂದ ಕೂಡಲೇ ದನಿ ಇಳಿಯುತ್ತದೆ. ಒಬ್ಬರಿಗೆ ಹೆಣ್ಣು ಬೇಡ, ಮರಿ ಹಾಕುತ್ತಂತೆ. ಆಪರೇಶನ್ ಆಗಿದೆ ಅಂದರೆ, "ಹಾಗಾದ್ರೆ ಮರೀನೇ ಹಾಕಲ್ವಾ? ಮತ್ತೆ ಏನು ಪ್ರಯೋಜನ?" ಇನ್ನೊಬ್ಬರಿಗೆ ಕಿವಿ ಚಿಂತೆ, ಸೆಲ್ಫಿಯಲ್ಲಿ ಆ ಕಡೆ ಎದ್ದು ಕಾಣುತ್ತಂತೆ. ಶ್ರೀರಂಗಪಟ್ಟಣದ ಹತ್ತಿರ ತೋಟ ಇರುವ ಸಾಹುಕಾರರೊಬ್ಬರು, ರಾತ್ರಿಯೆಲ್ಲ ಬೊಗಳಬೇಕು, ಅವರು ವಾರಕ್ಕೊಮ್ಮೆ ಬಂದು ಮಲಗಿದಾಗ ಮಾತ್ರ ಬೊಗಳಬಾರದು, ಚೈನ್ ನಾವೇ ತರಬೇಕು ಅಂದರು.

ಎಲ್ಲರಿಗೂ ಬೇಕಾಗಿರುವುದು ಮರಿ. ಆದರೆ ಅದು ಮೊದಲ ದಿನವೇ ನಾಲ್ಕು ವರ್ಷದ ನಾಯಿಯ ಹಾಗೆ ನಡೆದುಕೊಳ್ಳಬೇಕು! ಮರಿಗೆ ಆರೆಂಟು ವಾರಕ್ಕೆ ಶುರುವಾಗುವ ಇಂಜೆಕ್ಷನ್ನು, ಪಾರ್ವೋ ಎಂಬ ಮಾರಕ ಭೇದಿ ರೋಗ ಬರುವ ಭಯ, ಸೋಫಾದ ಸ್ಪಂಜು, ನಡುರಾತ್ರಿಯ ಅಳು, ಇವೆಲ್ಲ ಗೊತ್ತಾಗುವುದು ತಂದ ಮೇಲೆ. ನಾಡ ನಾಯಿ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ಹದಿಮೂರು ವರ್ಷ ಬದುಕುತ್ತದೆ, ಚುಕ್ಕಿಗೆ ಇನ್ನೂ ಮೂರರಲ್ಲಿ ಎರಡು ಪಾಲು ಆಯಸ್ಸು ಬಾಕಿ ಇದೆ ಅಂದರೆ, "ಇಲ್ಲ ಸಾರ್, ವಯಸ್ಸಾಗೋಗಿದೆ" ಅಂತಾರೆ. ಹೀಗಂದವರೇ ಒಬ್ಬರು ಸೈಬೀರಿಯಾದ ಹಸ್ಕಿ ತಂದರು. ಹಿಮದಲ್ಲಿ ಬಂಡಿ ಎಳೆಯಲು ಬೆಳೆಸಿದ, ಎರಡು ಪದರ ತುಪ್ಪಳದ ಪ್ರಾಣಿ ಏಪ್ರಿಲ್‌ನ ಮೈಸೂರಿನಲ್ಲಿ ಬಾತ್‌ರೂಮ್ ಟೈಲ್ಸ್ ಮೇಲೆ ಮಲಗಿ ಏದುಸಿರು ಬಿಡುತ್ತಿದೆ. ಅದಕ್ಕೂ ವಯಸ್ಸಾಗುತ್ತಲ್ಲ, ಆಗ ರಿಂಗ್ ರೋಡ್ ಇದ್ದೇ ಇದೆ.

ಇನ್ನು ಶನಿವಾರದ ಭಕ್ತರು. ಶನಿ ಕಾಟಕ್ಕೆ ಕಪ್ಪು ನಾಯಿಗೆ ಎಣ್ಣೆ ಹಚ್ಚಿದ ಚಪಾತಿ ಹಾಕಿ ಅಂತ ಜ್ಯೋತಿಷಿಗಳು ಹೇಳಿರುತ್ತಾರೆ. ನಮ್ಮ ಗೇಟಿನ ಮುಂದೆ ಕಾರು ನಿಲ್ಲುತ್ತದೆ, ಡಬ್ಬಿ ತೆರೆಯುತ್ತದೆ, ಚುಕ್ಕಿಗೆ ಕೈ ಮುಗಿಯುತ್ತಾರೆ, ಭೈರವನ ವಾಹನ ಅಲ್ವಾ. ಮನೆಗೇ ಕರ್ಕೊಂಡು ಹೋಗಿ, ದಿನಾ ಹಾಕಬಹುದು ಅಂದರೆ, "ಕಪ್ಪು ನಾಯಿ ಮನೆಗೆ ಆಗಿಬರಲ್ಲ" ಅಂತ ಕಾರು ಸ್ಟಾರ್ಟ್ ಮಾಡುತ್ತಾರೆ.

ದೊಡ್ಡ ನಾಯಿಯನ್ನು ಕೇಳಿ ಪಡೆದ ಮಹಾನುಭಾವ ನಮ್ಮ ಕಡೆ ಇರಲೇ ಇಲ್ಲ ಅಂತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ, ಸುಮಾರು ಕ್ರಿ.ಶ. 949-50ರದ್ದು. ಗಂಗ ಬೂತುಗನ ಕಡೆಯ ಮಣಲೇರ ಎಂಬ ವೀರನಿಗೆ ಅರಸ ಮೆಚ್ಚಿ ಏನು ಬೇಕೋ ಕೇಳು ಅಂದ. ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಕಾಡುಹಂದಿ ಜೊತೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಾಗ ಕಲ್ಲು ನೆಡಿಸಿದರು, ಭೂಮಿ ಬಿಟ್ಟರು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದರು. ಮಣಲೇರ ನಾಯಿಯ ಜಾತಿ, ವಯಸ್ಸು ವಿಚಾರಿಸಿದ ಸುದ್ದಿ ಅದರಲ್ಲಿ ಇಲ್ಲ. ಇವತ್ತಾಗಿದ್ದರೆ ಮೈಸೂರಿನಲ್ಲಿ ಸೈಟ್ ಕೇಳುತ್ತಿದ್ದ, ಅದೂ ಮುಡಾ ಸೈಟ್ ಹಗರಣದ ಐವತ್ತು ಐವತ್ತರ ಲೆಕ್ಕದಲ್ಲಿ.

ಚುಕ್ಕಿ ಇನ್ನೂ ನಮ್ಮಲ್ಲೇ ಇದ್ದಾಳೆ. ನಿಜವಾಗಿ ಬೇಕಿದ್ದವರು ಮನೆಮಂದಿಯೆಲ್ಲ ಬನ್ನಿ, ಅವಳು ಒಮ್ಮೆ ಮೂಸಿ ನೋಡಲಿ. ಆಮೇಲೆ ನಾವೂ ನಿಮ್ಮ ಮನೆ ನೋಡಲು ಬರುತ್ತೇವೆ, ಉಪ್ಪಿಟ್ಟು ಕಾಫಿ ಬೇಡ, ಗೇಟು ಭದ್ರವಾಗಿದ್ದರೆ ಸಾಕು. ಬಾಡಿಗೆ ಮನೆಯವರು ಓನರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ವರ್ಷ ವರ್ಷ ರೇಬೀಸ್ ಇಂಜೆಕ್ಷನ್ ತಪ್ಪಿಸಬಾರದು. ಜಾತಕ ಇಲ್ಲ.