ಬ್ಲಾಕರ್ ಸತ್ತರೆ ಹೊಡೆತ ಎದುರಾಳಿಗೆ ಬೀಳುವುದಿಲ್ಲ

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟ ಆಡುವವರಲ್ಲಿ ಒಂದು ಮಾತು ಹರಿದಾಡುತ್ತಿದೆ: ದಾಳಿಗೆ ಅಡ್ಡ ಬಂದ ಕ್ರೀಚರ್ (ಕಾದಾಡುವ ಜೀವಿಯ ಕಾರ್ಡ್), ಅಂದರೆ ಬ್ಲಾಕರ್ ಅನ್ನು ಮಂತ್ರದಿಂದ ಕೊಂದರೆ ದಾಳಿಯ ಹೊಡೆತ ನೇರ ಎದುರಾಳಿಗೇ ಬೀಳುತ್ತದೆ ಎಂದು. ಇದು ತಪ್ಪು. ಬ್ಲಾಕ್ ಘೋಷಣೆಯಾದ ಕ್ಷಣದಿಂದ ದಾಳಿಕೋರ ಕ್ರೀಚರ್ ‘ತಡೆಯಲ್ಪಟ್ಟದ್ದು’. ಬ್ಲಾಕರ್ ಸತ್ತರೂ, ಒಡೆಯನ ಕೈಗೆ ಮರಳಿದರೂ ಆ ಸ್ಥಿತಿ ಅಳಿಯದು. 5/5 (ಹೊಡೆತದ ಬಲ ಐದು, ತಾಳಿಕೆ ಐದು) ಕ್ರೀಚರ್ ಆಗಿದ್ದರೂ ಎದುರಾಳಿಗೆ ಆಗುವ ಹಾನಿ ಸೊನ್ನೆ. ಟ್ರ್ಯಾಂಪಲ್ (ಬ್ಲಾಕರ್ ಅನ್ನು ಮೀರಿದ ಹಾನಿಯನ್ನು ಎದುರಾಳಿಗೆ ದಾಟಿಸುವ ಗುಣ) ಇದ್ದರೆ ಮಾತ್ರ ಐದಕ್ಕೆ ಐದೂ ದಾಟುತ್ತದೆ.

ದಾರಿ ತೆರವಾಗಬೇಕೆಂದರೆ, ದಾಳಿ ಘೋಷಣೆಯ ಹಂತ ಮುಗಿಯುವ ಮೊದಲೇ ಅಡ್ಡ ಬರಬಲ್ಲ ಕ್ರೀಚರ್ ಅನ್ನು ಕೊಲ್ಲಿ, ಇಲ್ಲವೇ ಟ್ಯಾಪ್ ಮಾಡಿ (ಅಂದರೆ ಕಾರ್ಡ್ ಅಡ್ಡ ತಿರುಗುವಂತೆ ಮಾಡಿ; ಟ್ಯಾಪ್ ಆದ ಕ್ರೀಚರ್ ಬ್ಲಾಕ್ ಮಾಡಲಾರದು). ಬ್ಲಾಕ್ ಆದ ಮೇಲೆ ಕೊಂದರೆ ನಿಮ್ಮ ಕ್ರೀಚರ್ ಆದರೂ ಉಳಿದೀತು. ಆಗ ಬರೀ ಟ್ಯಾಪ್ ಮಾಡಿದರೆ ಅದೂ ಇಲ್ಲ, ಏಕೆಂದರೆ ಟ್ಯಾಪ್ ಆದ ಬ್ಲಾಕರ್ ಕೂಡ ಪೂರ್ತಿ ಹಾನಿ ಮಾಡುತ್ತದೆ.