ಯಾವೂರಾಯ್ತು ತಮ್ದು?

ಬಸ್ಸಿನಲ್ಲಿ ಪಕ್ಕ ಕೂತವರನ್ನು ‘ಯಾವೂರಾಯ್ತು ತಮ್ದು?’ ಅಂತ ಕೇಳದಿದ್ದರೆ ನಮ್ಮ ದೊಡ್ಡಪ್ಪನಿಗೆ ಚಿಕ್ಕಮಗಳೂರಿಂದ ಮೂಡಿಗೆರೆ ಮುಟ್ಟಿದ ಹಾಗೇ ಆಗುವುದಿಲ್ಲ. ‘ಹಾಸನದ ಕಡೆ’ ಅಂದರೆ ಸಾಲದು. ಯಾವ ತಾಲ್ಲೂಕು, ಯಾವ ಹೋಬಳಿ, ತಾಯಿ ತವರು ಎಲ್ಲಿ, ಅಲ್ಲಿವರೆಗೂ ಬಿಡುವವರಲ್ಲ.

ಮೊನ್ನೆ ಭೂವಿಜ್ಞಾನ ಓದುತ್ತಿರುವ ಅವರ ಮೊಮ್ಮಗಳು ಡೆಹ್ರಾಡೂನ್ ಕಡೆಯಿಂದ ಒಂದು ಕಲ್ಲು ತಂದಳು. ಕಾಂಗ್ಲೊಮರೇಟ್ ಅಂತೆ, ಉರುಟು ಕಲ್ಲುಗಳು ಮರಳಿನ ಜೊತೆ ಅಂಟಿಕೊಂಡು ಗಟ್ಟಿಯಾದ ಬಂಡೆ. ನನಗೆ ಕಂಡದ್ದು ಪಾಕ ಕೆಟ್ಟ ಕಡಲೆಕಾಯಿ ಉಂಡೆ. ಒರಟು ಮರಳಿನ ನಡುವೆ ಕೋಳಿಮೊಟ್ಟೆಯಷ್ಟು ನುಣುಪಾದ ನಸುಗೆಂಪು ಕಲ್ಲೊಂದು, ಪಕ್ಕಕ್ಕೆ ಬೂದುಬಣ್ಣದವೆರಡು, ಇನ್ನೊಂದು ಕಿತ್ತುಹೋದ ಜಾಗದಲ್ಲಿ ಬಟ್ಟಲಿನಂಥ ಗುಳಿ. ದೊಡ್ಡಪ್ಪ ಕೆಂಪಿನ ಮೇಲೆ ಬೆರಳಿಟ್ಟು, ‘ಇವನ್ದು ಯಾವೂರು?’ ಅಂದರು.

‘ಅದನ್ನ ಪತ್ತೆ ಮಾಡೋದೇ ನಮ್ಮ ಓದು, ತಾತ.’

ಹಿಮಾಲಯದ ಭಾರಕ್ಕೆ ಅದರ ಮುಂದಿನ ನೆಲ ಮೂಟೆ ಹೇರಿದ ಹಲಗೆಯಂತೆ ಬಾಗಿತಂತೆ. ಆ ತಗ್ಗಿಗೆ ಹೊಳೆಗಳು ಬೆಟ್ಟದ ಕಲ್ಲು ಮಣ್ಣೆಲ್ಲ ತಂದು ಸುರಿದವು. ಆಮೇಲೆ ಅದೇ ಮೇಲೆದ್ದು ಶಿವಾಲಿಕ್ ಗುಡ್ಡವಾಯಿತು. ಅಲ್ಲಿಯ ಇಂಥ ಉಂಡೆಗಳಲ್ಲಿ ಕ್ವಾರ್ಟ್‌ಜೈಟ್ ಅನ್ನುವ ಗಟ್ಟಿ ಕಲ್ಲು ಜಾಸ್ತಿ. ಹಾಗಂತ ಬೆಟ್ಟದಲ್ಲೂ ಅದೇ ಜಾಸ್ತಿ ಇತ್ತು ಅನ್ನುವಂತಿಲ್ಲ, ಮೆತ್ತನೆ ಕಲ್ಲುಗಳು ದಾರಿಯಲ್ಲೇ ಹುಡಿಯಾಗಿರುತ್ತವೆ. ಚಪ್ಪಟೆ ಕಲ್ಲುಗಳು ಹೊಳೆ ಬಂದ ಕಡೆಗೆ ಇಳಿಜಾರಾಗಿ, ಹಂಚು ಹೊದಿಸಿದ ಹಾಗೆ ಮಲಗಿರುತ್ತವೆ, ದಿಕ್ಕು ಸಿಕ್ಕಿತು. ಇನ್ನು ಜಾತಕಕ್ಕೆ ಮರಳಿನೊಳಗಿನ ಜಿರ್ಕಾನ್ ಹರಳು. ಅದರ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತದೆ, ಅರ್ಧವಾಗಲು 447 ಕೋಟಿ ವರ್ಷ. ಎಷ್ಟು ಸೀಸವಾಗಿದೆ ಅಂತ ಅಳೆದರೆ ಹರಳಿನ ವಯಸ್ಸು. ಅದನ್ನು ಬೆಟ್ಟದ ಬಂಡೆಗಳ ವಯಸ್ಸಿನ ಜೊತೆ ತಾಳೆ ನೋಡುವುದು.

ದೊಡ್ಡಪ್ಪನಿಗೆ ಹಿಡಿಸಿದ್ದು ಇನ್ನೊಂದು ವಿಷಯ. ಬೆಟ್ಟದಲ್ಲಿ ಮೊದಲು ಸವೆಯುವುದು ಮೇಲಿನ ಪದರ, ಹಾಗಾಗಿ ಅದು ತಗ್ಗಿನ ತಳ ಸೇರುತ್ತದೆ. ‘ಕಣದಲ್ಲಿ ಕಾಫಿ ಒಂದು ಚೀಲದಿಂದ ಇನ್ನೊಂದಕ್ಕೆ ಮೊಗೆದು ಹಾಕಿದ ಹಾಗೆ’ ಅಂದರು. ಮೇಲಿದ್ದದ್ದು ಅಡಿಗೆ!

‘ಆದ್ರೆ ತಾತ, ಕೆಲವು ಕಲ್ಲು ಮೊದಲೇ ಇನ್ಯಾವುದೋ ಹಳೇ ಉಂಡೇಲಿ ಇದ್ದು, ಅದು ಒಡೆದ ಮೇಲೆ ಇಲ್ಲಿಗೆ ಬಂದಿರ್ತವೆ.’

‘ತವರಿಗೊಂದು ತವರು ಅನ್ನು.’ ಈ ತೊಡಕು ಅವರಿಗೆ ಹೊಸದಲ್ಲ, ಬಸ್ಸಿನಲ್ಲಿ ದಿನಾ ಕಂಡದ್ದೇ.

ಶಿವಾಲಿಕ್ ಪದರಗಳು 2 ಕೋಟಿ ವರ್ಷದೊಳಗಿನವು. ನಮ್ಮ ಬಾಬಾಬುಡನ್‌ಗಿರಿಯ ಬುಡದಲ್ಲಿರುವ ಬೆಣಚು ಹರಳಿನ ಕಾಂಗ್ಲೊಮರೇಟ್ 250 ಕೋಟಿ ವರ್ಷಕ್ಕೂ ಹಳೆಯದು ಅಂತ ಕೇಳಿದ ಮೇಲಂತೂ ಅವರ ಗತ್ತೇ ಬೇರೆ. ಕಲ್ಲೀಗ ಜಗಲಿಯ ಮೇಲಿದೆ. ಬಂದವರು ಕಾಫಿ ಮುಗಿಸುವಷ್ಟರಲ್ಲಿ ಅದರ ಊರನ್ನೂ ಹೇಳಬೇಕು, ತಮ್ಮ ಊರನ್ನೂ.