17 ನಿಮಿಷದ ಮಹಾಸಭೆ

ಮೊನ್ನೆ ಭಾನುವಾರ ರಾತ್ರಿ ಮಂಗಳೂರಿನ ಹೋಟೆಲೊಂದರ ಸಭಾಂಗಣದಲ್ಲಿ ನಮ್ಮ ತಜ್ಞ ವೈದ್ಯರ ಸಂಘದ ವಾರ್ಷಿಕ ಮಹಾಸಭೆ 8 ಗಂಟೆ 10 ನಿಮಿಷಕ್ಕೆ ಆರಂಭವಾಗಿ 8 ಗಂಟೆ 27 ನಿಮಿಷಕ್ಕೆ ಮುಗಿಯಿತು. ಅಷ್ಟರೊಳಗೆ ಹಿಂದಿನ ಸಭೆಯ ನಡಾವಳಿ, ಕಾರ್ಯದರ್ಶಿಯವರ ವರದಿ, ಖಜಾಂಚಿಯವರ ಲೆಕ್ಕಪತ್ರ, ಲೆಕ್ಕ ಪರಿಶೋಧಕರ ನೇಮಕ, ಹೊಸ ಪದಾಧಿಕಾರಿಗಳ ಆಯ್ಕೆ ಎಲ್ಲವೂ ಆಗಿಹೋದವು. ಅದಕ್ಕೆ ಮೊದಲು ನಡೆದ ಪ್ರಾಯೋಜಿತ ಉಪನ್ಯಾಸಕ್ಕೆ ಒಂದೂಕಾಲು ಗಂಟೆ ಸಿಕ್ಕಿತ್ತು. ಸಂಘದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾತು ವ್ಯಕ್ತಿಗಳ ಕಡೆಗೆ ತಿರುಗುತ್ತದೆ, ಮತ್ತು ಇದು ಒಂದೇ ಸಂಘದ ಕಾಯಿಲೆಯೂ ಅಲ್ಲ.

ಸಭೆಯ ನೋಟಿಸಿನ ಕೊನೆಯಲ್ಲೇ, ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಇಲ್ಲದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಆಗ ಕೋರಂನ ಅಗತ್ಯವಿರುವುದಿಲ್ಲ ಎಂದು ಅಚ್ಚಾಗಿತ್ತು. ಸದಸ್ಯರು ಬರುವುದಿಲ್ಲವೆಂದು ಕರೆಯುವಾಗಲೇ ತೀರ್ಮಾನಿಸಿಬಿಡುವ ಈ ಸಾಲನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಲೆಕ್ಕಪತ್ರವನ್ನು ಪರದೆಯ ಮೇಲೆ ಒಂದೇ ಪುಟದಲ್ಲಿ ತೋರಿಸಿದರು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಶೀರ್ಷಿಕೆ ಕಂಡಿತೇ ಹೊರತು ಅಂಕಿಗಳು ಕಾಣಲಿಲ್ಲ. ಸೂಚಕರೊಬ್ಬರು, ಅನುಮೋದಕರೊಬ್ಬರು ಕುಳಿತಲ್ಲಿಂದಲೇ ಕೈಯೆತ್ತಿದರು, ಚಪ್ಪಾಳೆಯಾಯಿತು, ಪುಟ ಸರಿಯಿತು.

ಆಗ ಹಿಂದಿನ ಸಾಲಿನಿಂದ ಕಿರಿಯ ವೈದ್ಯೆಯೊಬ್ಬರು ಎದ್ದು ನಿಂತರು. ಉಡುಪಿ ಜಿಲ್ಲೆಯ ತಾಲೂಕು ಆಸ್ಪತ್ರೆಯೊಂದರಲ್ಲಿ ದುಡಿಯುವವರು, ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬಂದವರು. ಕಳೆದ ವರ್ಷದ ಸಮ್ಮೇಳನದಲ್ಲಿ ಉಳಿದ ಹಣ ಎಷ್ಟು, ಅದು ಯಾವ ಖಾತೆಯಲ್ಲಿದೆ ಎಂಬುದು ಅವರ ಮೊದಲನೆಯ ಪ್ರಶ್ನೆ. ವರ್ಷವಿಡೀ ಮಂಗಳೂರಿನಲ್ಲೇ ನಡೆಯುವ ಮಾಸಿಕ ಸಭೆಗಳಲ್ಲಿ ಒಂದನ್ನಾದರೂ ತಾಲೂಕು ಆಸ್ಪತ್ರೆಯಲ್ಲಿ ನಡೆಸಬಾರದೇಕೆ ಎಂಬುದು ಎರಡನೆಯದು. ವೇದಿಕೆಯಿಂದ ಹಿರಿಯರೊಬ್ಬರು, "ಡಾಕ್ಟ್ರೇ, ಅದೆಲ್ಲ ಗ್ರೂಪಿನಲ್ಲಿ ಹಾಕುವ, ಈಗ ಊಟ ತಣ್ಣಗಾಗ್ತದೆ" ಎಂದರು. ಕೆಲವರು ನಕ್ಕರು. ಆ ವೈದ್ಯೆ ಕುಳಿತುಕೊಂಡರು. ಇಂದು ಬುಧವಾರ, ಗ್ರೂಪಿನಲ್ಲಿ ಪದಗ್ರಹಣದ ಫೋಟೋಗಳು ಬಂದಿವೆ, ಉತ್ತರ ಬಂದಿಲ್ಲ.

ಮಹಾಸಭೆಯೆಂದರೆ ಊಟಕ್ಕೆ ಮುಂಚಿನ ಶಾಸ್ತ್ರವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ವರ್ಷಕ್ಕೊಮ್ಮೆ ಈ ಸಭೆ ನಡೆಯಲೇಬೇಕು. ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕಪತ್ರ ನೋಂದಣಾಧಿಕಾರಿಯವರಿಗೆ ಸಲ್ಲಬೇಕು. ಅಲ್ಲಿಗೆ ಹೋಗುವ ಕಾಗದದಲ್ಲಿ "ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಿರುತ್ತದೆ. ಭಾನುವಾರ ನಾವು ಏನನ್ನು ಚರ್ಚಿಸಿದೆವು?

ನಾನು ಹಾಲಿನ ಡಿಪೋದ ಜಗಲಿಯಲ್ಲಿ ಆಡಿ ಬೆಳೆದವಳೆಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕಾರ್ಕಳದ ಬಳಿಯ ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಅಪ್ಪ ನಿರ್ದೇಶಕರಾಗಿದ್ದರು. ಮಹಾಸಭೆಗೆ ಮೊದಲೇ ವರದಿಯ ಪುಸ್ತಿಕೆ ಮನೆಮನೆಗೆ ತಲುಪುತ್ತಿತ್ತು. ಬೆಳಿಗ್ಗೆ ಹಟ್ಟಿಯ ಕೆಲಸ ಮುಗಿಸಿ ಬಂದ ಹೆಂಗಸರು ಆ ಪುಸ್ತಿಕೆಯನ್ನು ನಾಲ್ಕಾಗಿ ಮಡಚಿ, ಬೇಕಾದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕುಳಿತಿರುತ್ತಿದ್ದರು. ಒಂದು ವರ್ಷ ಪಕ್ಕದ ಮನೆಯ ಅಜ್ಜಿಯೊಬ್ಬರು, ಕರೆಂಟು ಬಿಲ್ಲು ಹೋದ ವರ್ಷಕ್ಕಿಂತ ಹೆಚ್ಚಾದದ್ದೇಕೆಂದು ಅಪ್ಪನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ್ದರು. ಅಪ್ಪ ಬಿಲ್ಲುಗಳ ಫೈಲು ತರಿಸಿ ಓದಿ ಹೇಳಿದರು. ಮನೆಗೆ ಬಂದ ಮೇಲೂ ಅವರಿಗೆ ಆ ಅಜ್ಜಿಯ ಮೇಲೆ ಸಿಟ್ಟಿರಲಿಲ್ಲ. ಪಶು ಆಹಾರ, ಬೋನಸ್, ಫ್ಯಾಟ್ ಪರೀಕ್ಷೆಯ ಬಗ್ಗೆ ಗಂಟೆಗಟ್ಟಲೆ ವಾದವಾಗುತ್ತಿತ್ತು, ಊಟ ತಣ್ಣಗಾಗಿದ್ದೂ ಉಂಟು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ನಾವೋ ಹತ್ತು ಹನ್ನೆರಡು ವರ್ಷ ಓದಿ, ರಕ್ತಪರೀಕ್ಷೆಯ ವರದಿಯಲ್ಲಿ ಒಂದು ದಶಾಂಶ ಹೆಚ್ಚುಕಡಿಮೆಯಾದರೂ ಮತ್ತೆ ಪರೀಕ್ಷಿಸುವವರು.

ವೈದ್ಯರಿಗೆ ಪುರುಸೊತ್ತಿಲ್ಲ, ಲೆಕ್ಕಪತ್ರ ನಮ್ಮ ಕ್ಷೇತ್ರವಲ್ಲ, ನಂಬಿಕೆಯಿಂದ ನಡೆಯುವ ಸಂಘದಲ್ಲಿ ಪ್ರಶ್ನೆ ಕೇಳಿದರೆ ಮನಸ್ಸು ಕೆಡುತ್ತದೆ ಎಂಬ ಮಾತನ್ನು ಅಂದು ಊಟದ ಹೊತ್ತಿನಲ್ಲಿ ಮೂವರಿಂದ ಕೇಳಿದೆ. ಈ ಮಾತನ್ನು ಬೇರೆ ಯಾವ ಊರಿನಲ್ಲಿ ಆಡಿದರೂ ಸಹಿಸಿಯೇನು, ಈ ಕರಾವಳಿಯಲ್ಲಿ ಸಹಿಸಲಾರೆ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದ ಡಾ. ಟಿ.ಎಂ.ಎ. ಪೈಯವರು 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆಗೂಡಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಯೋಜನೆ ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿ ಲೆಕ್ಕವಿಡುತ್ತಿತ್ತು. ಅದೇ ವೈದ್ಯರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ನಮ್ಮ ಸಂಘದಲ್ಲಿ ಎಷ್ಟೋ ಮಂದಿ ಅಲ್ಲಿಂದಲೇ ಕಲಿತು ಬಂದವರು. ಹೀಗಿರುವಾಗ ಲೆಕ್ಕ ನಮ್ಮ ಕೆಲಸವಲ್ಲವೆಂದು ಹೇಳಲು ನಾಲಿಗೆ ಹೇಗೆ ಏಳುತ್ತದೆ? ನಂಬಿಕೆಯ ಮಾತೂ ಅಷ್ಟೇ. ಯಾರೂ ಹಣ ತಿಂದಿದ್ದಾರೆಂದು ನಾನು ಹೇಳುತ್ತಿಲ್ಲ, ಆ ಕಿರಿಯ ವೈದ್ಯೆಯೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕರೆ ನಂಬಿಕೆ ಬೆಳೆಯುತ್ತದೆ, ನಕ್ಕು ಕೂರಿಸಿದರೆ ಕರಗುತ್ತದೆ.

ನಮ್ಮ ಹಣದ ಮೂಲವೂ ಸಾಮಾನ್ಯದ್ದಲ್ಲ. ಸದಸ್ಯತ್ವ ಶುಲ್ಕದಿಂದ ಬರುವುದು ಸ್ವಲ್ಪ. ಸಮ್ಮೇಳನದ ಸ್ಟಾಲುಗಳಿಂದ, ಅಂದರೆ ಔಷಧ ಕಂಪನಿಗಳಿಂದ, ಬರುವುದೇ ಹೆಚ್ಚು. ಆ ಕಂಪನಿಗಳು ಸಿಎಂಇ, ಅಂದರೆ ವೈದ್ಯರ ಮುಂದುವರಿದ ಶಿಕ್ಷಣದ, ಕಾರ್ಯಕ್ರಮಗಳಿಗೆ ಮಾಡಿದ ಖರ್ಚನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಕೇಂದ್ರದ ಔಷಧ ಇಲಾಖೆಯ 2024ರ ಸಂಹಿತೆ ಹೇಳುತ್ತದೆ. ಕಂಪನಿಗಳಿಂದ ಉಡುಗೊರೆ ಪಡೆಯುವುದನ್ನು ನಿರ್ಬಂಧಿಸುವ ವೈದ್ಯಕೀಯ ನೀತಿ ನಿಯಮದಿಂದಲಾದರೋ ವೈದ್ಯರ ಸಂಘಗಳನ್ನು 2016ರ ತಿದ್ದುಪಡಿ ಹೊರಗಿಟ್ಟಿತು. ಕೊಡುವವರು ಲೆಕ್ಕ ತೋರಿಸಬೇಕು, ಪಡೆಯುವ ನಾವು ಆ ನಿಯಮದ ಆಚೆಗೆ. ಹಾಗಾದರೆ ನಮ್ಮನ್ನು ಕೇಳುವವರು ಯಾರು? ಮಹಾಸಭೆಯಲ್ಲಿ ಕುಳಿತ ಸದಸ್ಯರಲ್ಲದೆ ಬೇರೆ ಯಾರೂ ಉಳಿದಿಲ್ಲ. ಅವರಿಗೆ ಸಿಕ್ಕಿದ್ದು 17 ನಿಮಿಷ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಎರಡು ಅವಧಿಗೆ ನಾನೇ ಖಜಾಂಚಿಯಾಗಿದ್ದೆ. ಆಗೊಮ್ಮೆ ಸಮ್ಮೇಳನದ ಕೆಲವು ಖರ್ಚುಗಳಿಗೆ ಬಿಲ್ಲು ಸಿಗದೆ, ಎಲ್ಲವನ್ನೂ "ಇತರೆ" ಎಂಬ ಒಂದೇ ಶೀರ್ಷಿಕೆಯಡಿ ಸೇರಿಸಿದ್ದೆ. ಹೂವಿನ ಅಲಂಕಾರ, ಆಟೋ ಬಾಡಿಗೆ, ಸ್ವಯಂಸೇವಕ ವಿದ್ಯಾರ್ಥಿಗಳ ತಿಂಡಿ, ಹೀಗೆ ನ್ಯಾಯವಾದ ಖರ್ಚುಗಳೇ ಅವು. ಆದರೂ ವೇದಿಕೆಯಲ್ಲಿ ಆ ಸಾಲು ಬಂದಾಗ ಯಾರೂ ಕೇಳದಿರಲಿ ಎಂದು ಪ್ರಾರ್ಥಿಸಿದ್ದೆ. ಯಾರೂ ಕೇಳಲಿಲ್ಲ, ನನಗೆ ಸಮಾಧಾನವಾಯಿತು. ಅಪ್ಪ ಫೈಲು ತರಿಸಿದ್ದನ್ನು ಕಣ್ಣಾರೆ ಕಂಡ ಮಗಳು ನಾನು. ಆ ಸಮಾಧಾನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ಕಿರಿಯ ವೈದ್ಯೆಯ ಎರಡನೆಯ ಪ್ರಶ್ನೆಗೆ ಊಟದ ಮೇಜಿನಲ್ಲಿ ನನಗೊಂದು ಉತ್ತರ ಸಿಕ್ಕಿತು: ತಾಲೂಕಿನಲ್ಲಿ ಸಭೆ ಇಟ್ಟರೆ ಪ್ರಾಯೋಜಕರು ಬರುವುದಿಲ್ಲವಂತೆ. ಐದು ವರ್ಷಗಳಲ್ಲಿ 30 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂಬ ನಿಯಮ ಮಂಗಳೂರಿನ ವೈದ್ಯರಿಗೂ ತಾಲೂಕಿನ ವೈದ್ಯರಿಗೂ ಒಂದೇ. ನಾವು ಆಸ್ಪತ್ರೆಯಿಂದ ಹತ್ತು ನಿಮಿಷದಲ್ಲಿ ಸಭಾಂಗಣ ತಲುಪುತ್ತೇವೆ. ಅವರು ಇಡೀ ತಾಲೂಕಿಗೆ ಒಬ್ಬರೇ ತಜ್ಞರಾಗಿದ್ದರೆ, ಬದಲಿಗೆ ಒಬ್ಬರನ್ನು ಒಪ್ಪಿಸಿಯೇ ಹೊರಡಬೇಕು. ಪ್ರೊಜೆಕ್ಟರು, ಚಹಾ, ಗೋಳಿಬಜೆ ಇದ್ದರೆ ನಡೆಯಬಹುದಾದ ಸಭೆಗೆ ಪ್ರಾಯೋಜಕರೇಕೆ ಬೇಕು? ಉಳಿದ ಹಣ ಎಷ್ಟೆಂದು ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಇದಕ್ಕೂ ಅಲ್ಲೇ ಉತ್ತರವಿರುತ್ತಿತ್ತು.

ಇಂದು ಬೆಳಿಗ್ಗೆ ಆ ಎರಡೂ ಪ್ರಶ್ನೆಗಳನ್ನು ಬರೆದು, ಲೆಕ್ಕಪತ್ರವನ್ನು ಮುಂದಿನ ವರ್ಷದಿಂದ ನೋಟಿಸಿನ ಜೊತೆಗೇ ಕಳುಹಿಸಬೇಕು, ಮಹಾಸಭೆಯನ್ನು ಉಪನ್ಯಾಸಕ್ಕಿಂತ ಮೊದಲು ನಡೆಸಬೇಕು ಎಂಬ ಕೋರಿಕೆಯನ್ನೂ ಸೇರಿಸಿ ಕಾರ್ಯದರ್ಶಿಯವರಿಗೆ ಪತ್ರ ಕೊಟ್ಟಿದ್ದೇನೆ. ನನ್ನ ಅವಧಿಯ "ಇತರೆ" ಖರ್ಚಿನ ವಿವರವನ್ನು, ಹಳೆಯ ಡೈರಿಯಲ್ಲಿ ಸಿಕ್ಕಿದಷ್ಟನ್ನು, ಪತ್ರಕ್ಕೆ ಲಗತ್ತಿಸಿದ್ದೇನೆ. ಸಹಿ ಹಾಕಲು ಮನಸ್ಸಿರುವ ಸದಸ್ಯರು ಶನಿವಾರದೊಳಗೆ ನನ್ನ ಕ್ಲಿನಿಕ್ಕಿಗೆ ಬನ್ನಿ. ಪತ್ರದ ಒಂದು ಪ್ರತಿಯನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ತಾಲೂಕಿನಲ್ಲಿರುವವರು ಬರುವ ಶ್ರಮ ತೆಗೆದುಕೊಳ್ಳಬೇಡಿ, ಒಂದು ಫೋನ್ ಮಾಡಿದರೆ ನಾನೇ ನಿಮ್ಮಲ್ಲಿಗೆ ತರುತ್ತೇನೆ.